ಮರಕ್ಕೆ ಮದ್ದು ಬಳಿದರೆ ಸಾಲದು, ಒಳಗಿಳಿಯಬೇಕು

ಪ್ರಶ್ನೆ: ತೀರ್ಥಹಳ್ಳಿ ಸೀಮೆಯಲ್ಲಿ ನಮ್ಮ ಅಜ್ಜನ ಕಾಲದ ಹೆಂಚಿನ ಮನೆಯಿದೆ. ಕಂಬ, ತೊಲೆಗಳು ಇನ್ನೂ ಗಟ್ಟಿಯಾಗಿವೆ. ಆದರೆ ಬಚ್ಚಲಿನ ಕಡೆಯ ಮಾಡಿನಲ್ಲಿ ಹೆಂಚು ಹೊರುವ ಪಕಾಸಿ, ರೀಪುಗಳು ಕುಂಬಾಗಿವೆ. ಕೆಲವು ಕಡೆ ಹಿಟ್ಟಿನಂಥ ಪುಡಿ ಉದುರುತ್ತದೆ. ತೋಟದ ಸಿಲ್ವರ್ ಓಕ್ ಮತ್ತು ಅಕೇಶಿಯಾ ಕಡಿಸಿ ಹೊಸದಾಗಿ ಹಾಕಿಸುವ ಯೋಚನೆಯಿದೆ. ಹಳೆಯ ಇಂಜಿನ್ ಆಯಿಲ್ ಬಳಿದರೆ ಸಾಕು ಎಂದು ಬಡಗಿ ಹೇಳುತ್ತಾರೆ. ಅಡಿಕೆ ಬೇಯಿಸುವ ಒಲೆ ಮನೆಗೆ ತಾಗಿಯೇ ಇರುವುದರಿಂದ ಬೆಂಕಿಯ ಭಯವೂ ಇದೆ. ಕೊಳೆ, ಹುಳ, ಬೆಂಕಿ ಮೂರಕ್ಕೂ ಆಗುವ ಒಂದೇ ಮದ್ದು ಇದೆಯೇ?

ಉತ್ತರ: ಮನೆಯಲ್ಲಿ ನಿಂತು ಕೈಯಿಂದ ಬಳಿದು ಮುಗಿಸಬಹುದಾದ, ಮೂರಕ್ಕೂ ಆಗುವ ಒಂದೇ ಮದ್ದು ಇಲ್ಲ. ಹಾಗೆಂದು ನಿರಾಶರಾಗಬೇಕಾಗಿಲ್ಲ. ಕೊಳೆ ಮತ್ತು ಹುಳವನ್ನು ನೀವು ಕಡಿಮೆ ಖರ್ಚಿನಲ್ಲಿ, ನಿಮ್ಮ ಅಂಗಳದಲ್ಲಿಯೇ, ದಶಕಗಳ ಮಟ್ಟಿಗೆ ತಡೆಯಬಹುದು. ಬೆಂಕಿಯ ಲೆಕ್ಕವೇ ಬೇರೆ. ಅದರಲ್ಲಿ ರಾಸಾಯನಿಕಕ್ಕಿಂತ ಮರದ ದಪ್ಪ ಮತ್ತು ಒಲೆಯ ಜಾಗ ಹೆಚ್ಚು ಮುಖ್ಯ. ಈ ಎರಡನ್ನು ಒಂದೇ ಡಬ್ಬಿಯಲ್ಲಿ ಹುಡುಕಲು ಹೋಗಿ ಎರಡನ್ನೂ ಕಳೆದುಕೊಂಡ ಮನೆಗಳನ್ನು ನಾನು ಬಹಳ ನೋಡಿದ್ದೇನೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಆ ಬಚ್ಚಲಿನ ಕಡೆಯ ಮಾಡನ್ನು ನೋಡೋಣ. ಒಂದೇ ಮನೆಯಲ್ಲಿ, ಒಂದೇ ಕಾಲದಲ್ಲಿ ಕೂರಿಸಿದ ಮರ ಒಂದು ಕಡೆ ಗಟ್ಟಿಯಾಗಿದ್ದು ಇನ್ನೊಂದು ಕಡೆ ಕುಂಬಾಗಿದೆ ಎಂದರೆ ಅಲ್ಲಿ ನೀರಿದೆ ಎಂದು ಅರ್ಥ. ಮರವನ್ನು ಕೊಳೆಸುವುದು ಶಿಲೀಂಧ್ರ. ಮರದ ತೇವಾಂಶ ಅದರ ಒಣ ತೂಕದ ಶೇಕಡಾ 20ಕ್ಕಿಂತ ಕೆಳಗಿರುವವರೆಗೆ ಅದು ಬೆಳೆಯಲಾರದು. ಶೇಕಡಾ 30ರ ಆಸುಪಾಸು ದಾಟಿದರೆ ಅದಕ್ಕೆ ಹಬ್ಬ. ಒಡೆದ ಹೆಂಚು, ಎರಡು ಮಾಡುಗಳು ಸೇರುವ ಮೂಲೆಯಲ್ಲಿ ಕಟ್ಟಿಕೊಂಡ ಎಲೆ, ಬಚ್ಚಲಿನ ಹಬೆ ಹೊರಹೋಗದಂತೆ ಮುಚ್ಚಿದ ಕಿಟಕಿ, ಇವುಗಳಲ್ಲಿ ಒಂದಾದರೂ ಅಲ್ಲಿ ಇದ್ದೇ ಇರುತ್ತದೆ. ಅದನ್ನು ಸರಿಪಡಿಸದೆ ಎಂಥ ಮದ್ದು ಹಾಕಿದರೂ ಪ್ರಯೋಜನ ಅರ್ಧಕ್ಕಿಂತ ಕಡಿಮೆ. ಮಳೆಗಾಲದಲ್ಲಿ ನಿಮ್ಮ ಕಡೆಯ ಗಾಳಿಯೇ ನೀರು ತುಂಬಿಕೊಂಡಿರುತ್ತದೆ. ಆದರೂ ಸೂರಿನ ಕೆಳಗೆ ಗಾಳಿಯಾಡುವ ಜಾಗದಲ್ಲಿರುವ ಮರ ಸಾಮಾನ್ಯವಾಗಿ ಕೊಳೆಯುವ ಮಟ್ಟಕ್ಕೆ ಒದ್ದೆಯಾಗುವುದಿಲ್ಲ. ನಿಮ್ಮ ಅಜ್ಜನ ತೊಲೆಗಳು ಇಷ್ಟು ಕಾಲ ಉಳಿದ ಗುಟ್ಟಿನಲ್ಲಿ ಒಂದು ಪಾಲು ಇದೇ.

ಇನ್ನೊಂದು ಪಾಲು ಮರದ ಜಾತಿಯದು. ಆ ಕಾಲದವರು ಬೀಟೆ, ತೇಗ, ಹೊನ್ನೆ, ಕಿರಾಲುಬೋಗಿ, ಹಲಸುಗಳ ಚೇಗನ್ನು ಮಾತ್ರ ಕೆತ್ತಿ ಹಾಕುತ್ತಿದ್ದರು. ಬೆಳೆಯುವ ಮರ ತನ್ನ ನಡುವಿನ ಭಾಗದಲ್ಲಿ ಹುಳಕ್ಕೂ ಶಿಲೀಂಧ್ರಕ್ಕೂ ಕಹಿಯಾದ ರಸಗಳನ್ನು ತುಂಬಿಕೊಳ್ಳುತ್ತದೆ, ಅದೇ ಚೇಗು. ಹೊರಸುತ್ತಿನ ಬಿಳಿ ಭಾಗದಲ್ಲಿ ಆ ರಸಗಳಿರುವುದಿಲ್ಲ, ಬದಲಿಗೆ ಪಿಷ್ಟವಿರುತ್ತದೆ. ಹೀಗಾಗಿ ತೇಗವೇ ಆಗಲಿ, ಬಿಳಿ ಭಾಗಕ್ಕೆ ಬಾಳಿಕೆಯಿಲ್ಲ. ಈಗ ಪೇಟೆಯಲ್ಲಿ ‘ತೇಗ’ ಎಂದು ಕೊಂಡ ಎಳೆಯ ಮರದ ಚೌಕಟ್ಟು ಹತ್ತು ವರ್ಷಕ್ಕೆ ಪುಡಿಯಾಗುವುದಕ್ಕೆ ಕಾರಣ ಇಷ್ಟೇ. ನೀವು ಕಡಿಸಬೇಕೆಂದಿರುವ ಎರಡರಲ್ಲಿ ಅಕೇಶಿಯಾದ ಚೇಗು ಮಧ್ಯಮ ಬಾಳಿಕೆಯದು. ಬಲಿತ ಮರವಾದರೆ ಪಕಾಸಿಗೆ ಧಾರಾಳವಾಗಿ ಬಳಸಬಹುದು. ಸಿಲ್ವರ್ ಓಕ್ ಹಾಗಲ್ಲ. ಅದು ನೋಡಲು ಚೆಂದ, ಕೆತ್ತಲು ಸುಲಭ, ಆದರೆ ತನ್ನಷ್ಟಕ್ಕೆ ಬಾಳುವ ಮರವಲ್ಲ. ಸಂಸ್ಕರಿಸದೆ ಮಾಡಿಗೆ ಏರಿಸಲೇಬೇಡಿ. ಅದರಲ್ಲಿ ಒಂದು ಒಳ್ಳೆಯ ಗುಣವೂ ಇದೆ. ಬಾಳಿಕೆಯ ಚೇಗು ಮದ್ದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಬಾಳಿಕೆಯಿಲ್ಲದ ಹಗುರ ಮರ ಬಿಟ್ಟುಕೊಳ್ಳುತ್ತದೆ.

ಉದುರುತ್ತಿರುವ ಪುಡಿಯನ್ನು ಬೆರಳ ತುದಿಯಲ್ಲಿ ಉಜ್ಜಿ ನೋಡಿ. ಮುಖಕ್ಕೆ ಹಚ್ಚುವ ಪೌಡರಿನಷ್ಟು ನಯವಾಗಿದ್ದು, ಮರದ ಮೇಲೆ ಗುಂಡುಸೂಜಿಯ ತಲೆಯಷ್ಟು ತೂತುಗಳಿದ್ದರೆ ಅದು ಕುಟ್ಟೆ ಹುಳ. ಗಸಗಸೆಯಂತೆ ಕಾಳುಕಾಳಾಗಿದ್ದರೆ ಒಣ ಮರದಲ್ಲೇ ಗೂಡು ಮಾಡುವ ಗೆದ್ದಲಿನ ಹಿಕ್ಕೆ. ಗೋಡೆಯ ಮೇಲೆ ಮಣ್ಣಿನ ನಾಳ ಹತ್ತಿದ್ದರೆ ನೆಲದಿಂದ ಬಂದ ಗೆದ್ದಲು, ನಿಮ್ಮ ಕಡೆಯ ಮಾತಿನಲ್ಲಿ ಒರಲೆ. ಕುಂಬು ಎಷ್ಟು ಆಳಕ್ಕಿದೆ ಎಂದು ತಿಳಿಯಲು ಚೂಪಾದ ಉಳಿಯ ಮೊನೆಯನ್ನು ಚುಚ್ಚಿ, ಒಂದು ಸಿಬಿರನ್ನು ಮೇಲಕ್ಕೆ ಎಬ್ಬಿಸಿ. ಗಟ್ಟಿ ಮರವಾದರೆ ಸಿಬಿರು ಉದ್ದಕ್ಕೆ ಸೀಳಿ ನಾರು ನಾರಾಗಿ ಏಳುತ್ತದೆ. ಕೊಳೆತದ್ದಾದರೆ ಚುಚ್ಚಿದಲ್ಲೇ ಬಿಸ್ಕತ್ತಿನಂತೆ ಪಟ್ಟನೆ ಮುರಿಯುತ್ತದೆ. ಮುರಿದ ಜಾಗದಿಂದ ಎರಡೂ ಕಡೆಗೆ ಒಂದೊಂದು ಅಡಿ ಹೆಚ್ಚಾಗಿಯೇ ಕತ್ತರಿಸಿ ತೆಗೆಯಿರಿ. ಶಿಲೀಂಧ್ರ ಕಣ್ಣಿಗೆ ಕಾಣುವುದಕ್ಕಿಂತ ಮುಂದಕ್ಕೆ ಹಬ್ಬಿರುತ್ತದೆ.

ಹಳೆಯ ಇಂಜಿನ್ ಆಯಿಲ್ ಬಗ್ಗೆ ಬಡಗಿಯವರ ಮಾತನ್ನು ದಯವಿಟ್ಟು ಒಪ್ಪಬೇಡಿ. ಅವರ ಉದ್ದೇಶ ಒಳ್ಳೆಯದೇ, ಊರೂರಲ್ಲಿ ಎಲ್ಲರೂ ಮಾಡುವುದೂ ಅದನ್ನೇ. ಆದರೆ ಆ ಎಣ್ಣೆ ಮರದೊಳಗೆ ಕೂದಲೆಳೆಯಷ್ಟೂ ಇಳಿಯುವುದಿಲ್ಲ. ಶಿಲೀಂಧ್ರವನ್ನಾಗಲಿ ಹುಳವನ್ನಾಗಲಿ ಕೊಲ್ಲುವ ಗುಣ ಅದಕ್ಕಿಲ್ಲ. ಕೆಲವು ತಿಂಗಳು ನೀರನ್ನು ಹಿಮ್ಮೆಟ್ಟಿಸುತ್ತದೆ, ಅಷ್ಟೇ. ಅದರಲ್ಲಿ ಕ್ಯಾನ್ಸರಿಗೆ ಕಾರಣವಾಗುವ ಸಂಯುಕ್ತಗಳಿವೆ. ಇದಕ್ಕಿಂತ ಹೆಚ್ಚಾಗಿ, ಬೆಂಕಿಯ ಭಯವಿದೆ ಎಂದು ಬರೆದಿರುವ ನೀವು ಒಲೆಯ ನೆತ್ತಿಯ ಮೇಲಿನ ರೀಪುಗಳಿಗೆ ಉರಿಯುವ ಎಣ್ಣೆಯನ್ನು ಕೈಯಾರೆ ಬಳಿದಂತಾಗುತ್ತದೆ. ಕರಾವಳಿಯವರು ಬಳಸುವ ಗೇರೆಣ್ಣೆ ಇದಕ್ಕಿಂತ ಎಷ್ಟೋ ಮೇಲು. ಗೇರುಬೀಜದ ಸಿಪ್ಪೆಯಿಂದ ತೆಗೆದ ಈ ಕಪ್ಪು ಎಣ್ಣೆಯಲ್ಲಿ ಹುಳಕ್ಕೆ ಆಗದ ಫೀನಾಲ್ ಜಾತಿಯ ಸಂಯುಕ್ತಗಳಿವೆ, ಅದು ಒಣಗಿ ಪೊರೆಯಂತೆ ಕೂರುತ್ತದೆ. ದೋಣಿಗೂ ಪಕಾಸಿಗೂ ಅದನ್ನು ತಲೆಮಾರುಗಳಿಂದ ಹಚ್ಚಿದವರಿಗೆ ಅದರ ಗುಣ ಗೊತ್ತು. ಚರ್ಮಕ್ಕೆ ತಾಗಿದರೆ ಸುಟ್ಟಂತೆ ಗುಳ್ಳೆ ಏಳುತ್ತದೆ, ಆದ್ದರಿಂದ ಕೈಗವಸು ಕಡ್ಡಾಯ. ಬೆಂಕಿಗೆ ಅದೂ ಮೇವೇ. ಒಲೆಯ ಕಡೆ ಬೇಡ.

ಹಳೆಯ ಅಡುಗೆಮನೆಗಳ ಮಾಡು ಹುಳ ಹಿಡಿಯದೆ ಉಳಿದದ್ದಕ್ಕೆ ಸೌದೆ ಒಲೆಯ ಹೊಗೆಯೂ ಕಾರಣವಾಗಿತ್ತು ಎಂಬುದನ್ನು ಇಲ್ಲಿ ಹೇಳಬೇಕು. ಹೊಗೆ ಮರವನ್ನು ಒಣಗಿಸುತ್ತಿತ್ತು, ಅದರ ಕಹಿ ಅಂಶಗಳು ಮೇಲ್ಮೈಯಲ್ಲಿ ಕೂರುತ್ತಿದ್ದವು. ಗ್ಯಾಸ್ ಬಂದ ಮೇಲೆ ಆ ರಕ್ಷಣೆ ಹೋಯಿತು. ಮಕ್ಕಳು ಬೆಂಗಳೂರು ಸೇರಿ, ಮನೆಯ ಅರ್ಧ ಭಾಗಕ್ಕೆ ಬೀಗ ಬಿದ್ದು, ಗಾಳಿಯಾಡದ ಕೋಣೆಗಳ ಮಾಡು ಮೊದಲು ಹಾಳಾಗುತ್ತಿರುವುದನ್ನು ಮಲೆನಾಡಿನ ಉದ್ದಕ್ಕೂ ಕಾಣಬಹುದು. ಹಾಗೆಂದು ಹೊಗೆಯನ್ನು ಮರಳಿ ತರಿ ಎನ್ನಲಾರೆ. ಮಾಡಿಗೆ ಮೆತ್ತಿಕೊಂಡ ಇದ್ದಿಲ ಮಸಿ ಕಿಡಿಗೆ ಬೇಗ ಹೊತ್ತಿಕೊಳ್ಳುತ್ತದೆ.

ಇನ್ನು ಮದ್ದಿನ ವಿಷಯ. ಸೂರಿನ ಕೆಳಗೆ, ಮಳೆ ನೇರವಾಗಿ ಬೀಳದ ಜಾಗದ ಮರಕ್ಕೆ ನಾನು ನಿಮಗೆ ಸೂಚಿಸುವುದು ಬೋರಾನ್ ಲವಣ: ನಮ್ಮ ಹಿರಿಯರು ಬಿಳಿಗಾರ ಎನ್ನುತ್ತಿದ್ದ ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ಸೇರಿಸಿದ ದ್ರಾವಣ. ಬೋರಾಕ್ಸ್ ಒಂದೂವರೆ ಪಾಲು, ಬೋರಿಕ್ ಆಸಿಡ್ ಒಂದು ಪಾಲು. ಅಂದರೆ 10 ಲೀಟರ್ ಬಿಸಿ ನೀರಿಗೆ 600 ಗ್ರಾಂ ಬೋರಾಕ್ಸ್, 400 ಗ್ರಾಂ ಬೋರಿಕ್ ಆಸಿಡ್. ಬೇರೆ ಬೇರೆಯಾಗಿ ಕಷ್ಟದಿಂದ ಕರಗುವ ಇವೆರಡೂ ಜೊತೆಗೂಡಿದರೆ ಸುಲಭವಾಗಿ ಕರಗುತ್ತವೆ. ಶಿಲೀಂಧ್ರ, ಕುಟ್ಟೆ ಹುಳ, ಗೆದ್ದಲು ಮೂರನ್ನೂ ಇದು ತಡೆಯುತ್ತದೆ. ಮರದ ಬಣ್ಣ ಬದಲಾಗುವುದಿಲ್ಲ, ವಾಸನೆಯಿಲ್ಲ, ಮೊಳೆ ತುಕ್ಕು ಹಿಡಿಯುವುದಿಲ್ಲ.

ಇದರ ವಿಶೇಷವೆಂದರೆ ಹಸಿ ಮರವೇ ಇದಕ್ಕೆ ಅನುಕೂಲ. ಬೋರಾನ್ ನೀರಿನಲ್ಲಿ ನಡೆಯುತ್ತದೆ. ಮರದೊಳಗೆ ನೀರಿರುವಷ್ಟು ದೂರ ತಾನಾಗಿ ಹರಡುತ್ತ ಹೋಗುತ್ತದೆ. ಆದ್ದರಿಂದ ಮರ ಕಡಿಸಿ, ಕೊಯ್ಸಿ, ಎರಡು ಮೂರು ದಿನದೊಳಗೆ, ಒಣಗುವ ಮೊದಲೇ ಕೆಲಸ ಆಗಬೇಕು. ಅಂಗಳದಲ್ಲಿ ಉದ್ದನೆಯ ಗುಂಡಿ ತೋಡಿ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದರೆ ತೊಟ್ಟಿ ಸಿದ್ಧ. ಒಂದಿಂಚು ದಪ್ಪದ ರೀಪುಗಳನ್ನು ಒಂದು ವಾರ ಮುಳುಗಿಸಿ, ತೇಲದಂತೆ ಕಲ್ಲು ಹೇರಿ. ತೆಗೆದ ಮೇಲೆ ಒಣಗಲು ಬಿಡಬೇಡಿ. ಒತ್ತೊತ್ತಾಗಿ ಪೇರಿಸಿ, ಪ್ಲಾಸ್ಟಿಕ್‌ನಿಂದ ಬಿಗಿಯಾಗಿ ಮುಚ್ಚಿ, ನಾಲ್ಕರಿಂದ ಆರು ವಾರ ನೆರಳಿನಲ್ಲಿಡಿ. ನಿಜವಾದ ಸಂಸ್ಕರಣೆ ನಡೆಯುವುದು ಈ ಮುಚ್ಚಿಟ್ಟ ದಿನಗಳಲ್ಲಿ. ಇಲ್ಲಿ ಅವಸರ ಮಾಡುವವರೇ ಹೆಚ್ಚು. ಮರದ ದಪ್ಪ ಎರಡರಷ್ಟಾದರೆ ಹರಡಲು ಬೇಕಾಗುವ ಕಾಲ ಸುಮಾರು ನಾಲ್ಕರಷ್ಟಾಗುತ್ತದೆ ಎಂಬ ಲೆಕ್ಕ ನೆನಪಿಟ್ಟರೆ, ದಪ್ಪ ಪಕಾಸಿಗೆ ಈ ವಿಧಾನ ಏಕೆ ಪೂರ್ತಿ ಸಾಲದು ಎಂಬುದು ತಿಳಿಯುತ್ತದೆ. ಆಮೇಲೆ ಪ್ಲಾಸ್ಟಿಕ್ ತೆಗೆದು, ನಡುವೆ ಪಟ್ಟಿ ಕೊಟ್ಟು, ನೆರಳಿನಲ್ಲಿ ಒಣಗಿಸಿ. ಡಿಸೆಂಬರ್, ಜನವರಿಯಲ್ಲಿ ಕಡಿಸಿದರೆ ಮುಂಗಾರಿಗೆ ಮೊದಲು ಎಲ್ಲವೂ ಮುಗಿಯುತ್ತದೆ. ಕೊಯ್ಯುವುದು, ತೂತು ಹೊಡೆಯುವುದು, ಕಚ್ಚು ಹಾಕುವುದು ಮುಂತಾದವನ್ನೆಲ್ಲ ಮದ್ದಿಗೆ ಮೊದಲೇ ಮಾಡಿ ಮುಗಿಸಿ. ಆಮೇಲೆ ಕೀಸುಳಿ ಆಡಿಸಿದರೆ ಮದ್ದು ಕುಳಿತ ಪದರವೇ ಹೊಟ್ಟಾಗಿ ಉದುರಿ ಹೋಗುತ್ತದೆ. ಮಾಡಿನ ಮೇಲೆ ಕೂರಿಸುವಾಗ ತುಂಡರಿಸಲೇಬೇಕಾದ ತುದಿಗಳನ್ನು ಅದೇ ದ್ರಾವಣದಲ್ಲಿ ಅದ್ದಿ.

ಮದ್ದು ಒಳಗಿಳಿಯಿತೋ ಇಲ್ಲವೋ ಎಂದು ನೋಡಲು ಪ್ರಯೋಗಾಲಯಗಳಲ್ಲಿ ಬಳಸುವುದು ನಮ್ಮ ಅರಿಶಿನವನ್ನೇ. ಅರಿಶಿನವನ್ನು ಆಲ್ಕೋಹಾಲಿನಲ್ಲಿ ನೆನೆಸಿ ತೆಗೆದ ಹಳದಿ ಸಾರವನ್ನು ಆಗಷ್ಟೇ ಕೊಯ್ದ ಒಣ ಮರದ ಮುಖಕ್ಕೆ ಸಿಂಪಡಿಸಿ, ಅದು ಆರಿದ ಮೇಲೆ ಸ್ಯಾಲಿಸಿಲಿಕ್ ಆಸಿಡ್ ಮತ್ತು ಹೈಡ್ರೋಕ್ಲೋರಿಕ್ ಆಸಿಡ್ ಬೆರೆಸಿದ ಇನ್ನೊಂದು ದ್ರಾವಣ ಸಿಂಪಡಿಸುತ್ತಾರೆ. ಕೆಲವು ನಿಮಿಷಗಳಲ್ಲಿ ಬೋರಾನ್ ಇರುವಷ್ಟು ಭಾಗ ಕುಂಕುಮದಂತೆ ಕೆಂಪಾಗುತ್ತದೆ, ಇಲ್ಲದ ಭಾಗ ಹಳದಿಯಾಗಿಯೇ ಉಳಿಯುತ್ತದೆ. ಮೊದಲ ಸಲ ಇದನ್ನು ನೋಡಿದಾಗ ಒಂದು ರೀಪಿನ ಅಡ್ಡಕೊಯ್ತದಲ್ಲಿ ನಾಲ್ಕೂ ಅಂಚು ಕೆಂಪಾಗಿ ನಡುವೆ ಕಡಲೆಬೇಳೆಯಷ್ಟು ಹಳದಿ ಚುಕ್ಕೆ ಮಾತ್ರ ಉಳಿದದ್ದು ಇಂದಿಗೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ನೀವೂ ಒಂದು ಮಾದರಿ ತುಂಡನ್ನು ಹೀಗೆ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇಂಥ ವಿಷಯಗಳಿಗೆಂದೇ ಇರುವ ಕೇಂದ್ರ ಸರ್ಕಾರದ ಸಂಸ್ಥೆ.

ಬೋರಾನ್‌ನ ದೌರ್ಬಲ್ಯವೂ ಅದು ನೀರಿನಲ್ಲಿ ನಡೆಯುವುದೇ. ಮಳೆಗೆ ಒಡ್ಡಿದ ಮರದಿಂದ, ಮಣ್ಣಿನಲ್ಲಿ ಹೂತ ಕಂಬದಿಂದ ಅದು ಬಂದ ದಾರಿಯಲ್ಲೇ ಹೊರಗೆ ಹೋಗುತ್ತದೆ. ಬೇಲಿ ಗೂಟ, ದಣಪೆ, ಕೊಟ್ಟಿಗೆಯ ನೆಲ ತಾಗುವ ಕಂಬ ಇಂಥವಕ್ಕೆ ಒತ್ತಡದ ಸಂಸ್ಕರಣೆಯೇ ಬೇಕು. ಮರವನ್ನು ಉಕ್ಕಿನ ಉರುಳೆಯಲ್ಲಿಟ್ಟು ಒಳಗಿನ ಗಾಳಿಯನ್ನು ಎಳೆದು ತೆಗೆದು, ಬಳಿಕ ಒತ್ತಡದಿಂದ ದ್ರಾವಣವನ್ನು ತುಂಬುವ ಈ ಕ್ರಮವನ್ನು ಇಂಗ್ಲೆಂಡಿನ ಜಾನ್ ಬೆಥೆಲ್ 1838ರಲ್ಲಿ ರೂಢಿಗೆ ತಂದ. ಆಗ ತುಂಬುತ್ತಿದ್ದದ್ದು ಕ್ರಿಯೋಸೋಟ್ ಎಂಬ ಡಾಂಬರಿನ ಎಣ್ಣೆ, ರೈಲು ಹಳಿಯ ಸ್ಲೀಪರುಗಳಿಗಾಗಿ. ನೀರಿನಲ್ಲಿ ಕರಗಿಸಿ ತುಂಬಿದರೂ ಮತ್ತೆ ತೊಳೆದುಹೋಗದ ಮದ್ದನ್ನು ಕಂಡುಹಿಡಿದದ್ದು ನಮ್ಮ ದೇಶದಲ್ಲಿ, ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೊಂಟಿ ಕಾಮೇಶಂ, 1933ರಲ್ಲಿ. ತಾಮ್ರ ಶಿಲೀಂಧ್ರಕ್ಕೆ, ಆರ್ಸೆನಿಕ್ ಹುಳಕ್ಕೆ, ಎರಡನ್ನೂ ಮರದ ನಾರಿಗೆ ಕಚ್ಚಿ ಹಿಡಿಸಲು ಕ್ರೋಮಿಯಂ: ಇದೇ ಮುಂದೆ ಸಿಸಿಎ ಎಂಬ ಹೆಸರಿನಲ್ಲಿ ಜಗತ್ತಿನ ತುಂಬ ಕಂಬ, ಬೇಲಿ, ಸೇತುವೆಗಳನ್ನು ಕಾಯಿತು. ಆರ್ಸೆನಿಕ್ ಇರುವ ಕಾರಣ ಅಮೆರಿಕದಲ್ಲಿ 2003ರ ಕೊನೆಯಿಂದ ವಾಸದ ಮನೆಗಳ ಬಳಕೆಗೆ ಅದನ್ನು ನಿಲ್ಲಿಸಿದರು. ಮನೆಯ ಬಳಿ ಬಳಸುವ ಮರಕ್ಕೆ ಆರ್ಸೆನಿಕ್ ಬದಲು ಬೋರಾನ್ ಇರುವ ಸಿಸಿಬಿ ಕೇಳಿ. ಸಂಸ್ಕರಣೆಗೆ ನಮ್ಮಲ್ಲಿ ಐಎಸ್ 401 ಎಂಬ ಮಾನಕವಿದೆ. ಅದರಂತೆ ಮಾಡಿಕೊಡುವಿರಾ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಒತ್ತಡದ ವಿಧಾನಕ್ಕೆ ಮಾತ್ರ ಒಣ ಮರವೇ ಬೇಕು. ಬೋರಾನ್ ಹರಡುವ ವಿಧಾನಕ್ಕೆ ಇದು ತೀರ ವಿರುದ್ಧ. ಒಮ್ಮೆ ನನ್ನ ಪರಿಚಯದ ತೋಟದವರೊಬ್ಬರು ‘ಸಂಸ್ಕರಿಸಿದ’ ಬೇಲಿ ಕಂಬಗಳನ್ನು ಕೊಂಡು, ಮೂರನೇ ವರ್ಷ ಅವು ಬುಡದಲ್ಲಿ ಮುರಿಯತೊಡಗಿದಾಗ ನನ್ನನ್ನು ಕರೆದರು. ಕೊಯ್ದು ನೋಡಿದರೆ ಹಸಿರು ಛಾಯೆ ಹೊರ ಅಂಚಿನಲ್ಲಿ ಪೋಸ್ಟ್ ಕಾರ್ಡಿನಷ್ಟು ದಪ್ಪ ಮಾತ್ರ ಇತ್ತು. ನೀರು ತುಂಬಿದ ಹಸಿ ಮರವನ್ನೇ ಉರುಳೆಗೆ ಹಾಕಿದ್ದರಿಂದ ದ್ರಾವಣಕ್ಕೆ ಒಳಗೆ ಜಾಗವೇ ಇರಲಿಲ್ಲ. ಕೊಳ್ಳುವಾಗಲೇ ಒಂದು ಕಂಬದ ನಡುವೆ ಕೊಯ್ಸಿ ನೋಡಿದ್ದರೆ ಆ ನಷ್ಟ ತಪ್ಪುತ್ತಿತ್ತು. ಮರ ಒಣಗಿದೆಯೇ ಎಂದು ತಿಳಿಯಲು ನಡುಭಾಗದ ಸಣ್ಣ ತುಂಡನ್ನು ತೂಗಿ, 103 ಡಿಗ್ರಿ ಸೆಲ್ಸಿಯಸ್‌ನ ಓವನ್ನಿನಲ್ಲಿ ತೂಕ ಇಳಿಯುವುದು ನಿಲ್ಲುವ ತನಕ ಇಟ್ಟು, ಮತ್ತೆ ತೂಗಿ. 500 ಗ್ರಾಂ ಇದ್ದದ್ದು 400ಕ್ಕೆ ಬಂದರೆ ತೇವಾಂಶ ಶೇಕಡಾ 25. ಒತ್ತಡದ ಸಂಸ್ಕರಣೆಗೆ ಅಷ್ಟಾದರೂ ಒಣಗಿರಬೇಕು.

ಈಗ ಬೆಂಕಿ. ಮರ ತಾನಾಗಿ ಉರಿಯುವುದಿಲ್ಲ. ಸುಮಾರು 250ರಿಂದ 300 ಡಿಗ್ರಿ ಕಾವಿನಲ್ಲಿ ಅದು ಒಡೆದು ಹೊರಬಿಡುವ ಅನಿಲ ಉರಿಯುತ್ತದೆ, ಹಿಂದೆ ಇದ್ದಿಲು ಉಳಿಯುತ್ತದೆ. ಆ ಇದ್ದಿಲು ಶಾಖವನ್ನು ಒಳಕ್ಕೆ ಬಿಡದ ಕಂಬಳಿಯಂತೆ ಕೆಲಸ ಮಾಡುತ್ತದೆ. ಜೋರು ಬೆಂಕಿಯಲ್ಲಿ ಮರ ನಿಮಿಷಕ್ಕೆ ಸುಮಾರು ಅರ್ಧದಿಂದ ಮುಕ್ಕಾಲು ಮಿಲಿಮೀಟರ್ ಮಾತ್ರ ಇದ್ದಿಲಾಗುತ್ತ ಹೋಗುತ್ತದೆ. ಎಂಟಿಂಚಿನ ತೊಲೆಯೊಂದು ಅರ್ಧ ಗಂಟೆ ಬೆಂಕಿಯಲ್ಲಿ ನಿಂತರೂ ಪ್ರತಿ ಬದಿಯಿಂದ ಒಂದಿಂಚಿನಷ್ಟನ್ನು ಕಳೆದುಕೊಂಡು ಆರಿಂಚು ಗಟ್ಟಿಯಾಗಿ ಉಳಿದಿರುತ್ತದೆ. ಅದೇ ಬೆಂಕಿಯಲ್ಲಿ ಒಂದಿಂಚಿನ ರೀಪು, ಎಲ್ಲ ಬದಿಯಿಂದಲೂ ಉರಿದು, ಕಾಲು ಗಂಟೆಯ ಆಸುಪಾಸಿನಲ್ಲಿ ಇಲ್ಲವಾಗುತ್ತದೆ. ಅಪಾಯವಿರುವುದು ರೀಪು, ಅಟ್ಟದ ಹಲಗೆ, ಅಲ್ಲಿ ತುಂಬಿಟ್ಟ ಹಾಳೆ, ಸೋಗೆ, ಹಳೆಯ ಚಾಪೆಗಳಲ್ಲಿ. ಒಮ್ಮೆ ಅಲ್ಲಿ ಬೆಂಕಿ ಬಲಿತರೆ ಆಮೇಲೆ ದಪ್ಪ ಮರವೂ ತಡೆಯಲಾರದು. ಬಹುಪಾಲು ಮರದಿಂದಲೇ ಕಟ್ಟಿದ್ದ ಮೈಸೂರಿನ ಹಳೆಯ ಅರಮನೆ 1897ರಲ್ಲಿ, ರಾಜಕುಮಾರಿಯ ಮದುವೆಯ ಸಂದರ್ಭದಲ್ಲಿ ಸುಟ್ಟುಹೋದದ್ದು ನಿಮಗೆ ತಿಳಿದೇ ಇದೆ. ಈಗ ನಾವು ನೋಡುವುದು ಅದರ ಜಾಗದಲ್ಲಿ ಎದ್ದು 1912ರಲ್ಲಿ ಪೂರ್ಣಗೊಂಡ ಅರಮನೆ.

ಬೆಂಕಿ ನಿರೋಧಕ ಲವಣಗಳು, ಮುಖ್ಯವಾಗಿ ಅಮೋನಿಯಂ ಫಾಸ್ಫೇಟ್ ಮತ್ತು ಬೋರಾನ್ ಸಂಯುಕ್ತಗಳು, ಮರವನ್ನು ಬೇಗ ಇದ್ದಿಲಾಗಿಸಿ ಉರಿಯುವ ಅನಿಲವನ್ನು ಕಡಿಮೆ ಮಾಡುತ್ತವೆ. ಈ ವಿದ್ಯೆ ಹಳೆಯದು. ಫ್ರಾನ್ಸಿನ ಗೇ ಲುಸಾಕ್ 1821ರಲ್ಲೇ ನಾಟಕಶಾಲೆಯ ಬಟ್ಟೆಗಳಿಗೆ ಅಮೋನಿಯಂ ಫಾಸ್ಫೇಟ್, ಬೋರಾಕ್ಸ್‌ಗಳನ್ನು ಸೂಚಿಸಿದ್ದ. ಹಾಗಾದರೆ ಬೋರಾನ್ ಹಾಕಿದ ನಿಮ್ಮ ರೀಪು ಬೆಂಕಿಯನ್ನೂ ತಡೆಯುವುದಿಲ್ಲವೇ ಎಂದು ನೀವು ಕೇಳಬಹುದು. ತಡೆಯುವುದಿಲ್ಲ, ಏಕೆಂದರೆ ಪ್ರಮಾಣ ಸಾಲದು. ಹುಳ ಮತ್ತು ಕೊಳೆಗೆ ಒಂದು ಘನ ಮೀಟರ್ ಮರದಲ್ಲಿ ಕೆಲವೇ ಕಿಲೋ ಲವಣ ಸಾಕು; ಬೆಂಕಿಗೆ 40ರಿಂದ 80 ಕಿಲೋ ಬೇಕು. ಅಷ್ಟನ್ನು ಒತ್ತಡದ ಉರುಳೆಯಲ್ಲಿ ಮಾತ್ರ ತುಂಬಲು ಸಾಧ್ಯ. ‘ಮೂರಕ್ಕೂ ಒಂದೇ ಮದ್ದು’ ಎಂದು ಬ್ರಷ್ಷಿನಿಂದ ಬಳಿಯುವ ಡಬ್ಬಿ ಮಾರುವವರನ್ನು ಈ ಒಂದು ಅಂಕಿಯಿಂದಲೇ ನೀವು ಅಳೆಯಬಹುದು.

ಒತ್ತಡದಿಂದ ತುಂಬಿಸಿದರೂ ನಿಮ್ಮ ಸೀಮೆಗೆ ತೊಡಕುಗಳಿವೆ. ಸಾಮಾನ್ಯ ಅಮೋನಿಯಂ ಲವಣಗಳು ಮಳೆಗಾಲದ ಗಾಳಿಯಿಂದ ತೇವ ಹೀರುತ್ತವೆ, ಮೊಳೆ ತಿನ್ನುತ್ತವೆ. 1980ರ ದಶಕದಲ್ಲಿ ಅಮೆರಿಕದಲ್ಲಿ ಹೀಗೆ ಸಂಸ್ಕರಿಸಿದ ಪ್ಲೈವುಡ್ಡನ್ನು ಮಾಡಿಗೆ ಬಳಸಿದಾಗ, ಬಿಸಿಲಿನ ಕಾವಿಗೆ ಆ ರಾಸಾಯನಿಕವೇ ಮರವನ್ನು ಕೆಲವೇ ವರ್ಷಗಳಲ್ಲಿ ಹುಡಿಗೊಳಿಸಿತು. ಹೆಂಚಿನ ಕೆಳಗಿನ ಕಾವನ್ನು ಬಲ್ಲ ನಾವು ಆ ಪಾಠವನ್ನು ಮರೆಯಬಾರದು. ಆದ್ದರಿಂದ ರೀಪುಗಳಿಗೆ ಬೋರಾನ್ ಮಾತ್ರ ಹಾಕಿಸಿ. ಒಲೆಯ ಬದಿಯ ಮರಕ್ಕೆ, ಪೂರ್ತಿ ಒಣಗಿದ ಮೇಲೆ, ಕಾವಿಗೆ ಉಬ್ಬುವ ಬೆಂಕಿ ನಿರೋಧಕ ಬಣ್ಣ ಹಚ್ಚಬಹುದು. ಇದು ಶಾಖ ತಗುಲಿದಾಗ ಹಪ್ಪಳದಂತೆ ಅನೇಕ ಪಟ್ಟು ಉಬ್ಬಿ, ನೊರೆಯಂಥ ಇದ್ದಿಲ ಪದರವಾಗಿ ಮರವನ್ನು ಮರೆಮಾಡುತ್ತದೆ. ಡಬ್ಬಿಯಲ್ಲಿ ಹೇಳಿದಷ್ಟು ದಪ್ಪ ಹಚ್ಚದಿದ್ದರೆ ಅದು ಬರಿಯ ಬಣ್ಣ. ಅದರ ಮೇಲೆ ನೀರು ಬೀಳಬಾರದು, ತಯಾರಕರು ಒಪ್ಪದ ವಾರ್ನಿಷ್ ಹಚ್ಚಬಾರದು. ಅಟ್ಟಕ್ಕೆ ಹೊಸ ಹಲಗೆ ಹಾಕುವುದಿದ್ದರೆ ಐಎಸ್ 5509 ಗುರುತಿನ ಬೆಂಕಿ ನಿರೋಧಕ ಪ್ಲೈವುಡ್ ಸಿಗುತ್ತದೆ.

ಆದರೆ ನಿಮ್ಮ ಹಣದ ಮೊದಲ ಪಾಲು ಅಡಿಕೆ ಒಲೆಗೆ ಸಲ್ಲಬೇಕು. ಸಾಧ್ಯವಾದರೆ ಅದನ್ನು ಮನೆಯಿಂದ ದೂರಕ್ಕೆ ಸರಿಸಿ. ಆಗದಿದ್ದರೆ ಒಲೆಗೂ ಮಾಡಿಗೂ ನಡುವೆ ಕಲ್ಲು ಅಥವಾ ಇಟ್ಟಿಗೆಯ ಗೋಡೆಯನ್ನು ಸೂರಿನವರೆಗೂ ಎತ್ತರಿಸಿ, ಹೊಗೆ ಕೊಳವೆ ಹಾದುಹೋಗುವ ಕಡೆ ಮರ ತಾಗದಂತೆ ಜಾಗ ಬಿಡಿಸಿ. ತೊಲೆಗೆ ಮೊಳೆ ಹೊಡೆದು ಎಳೆದ ಹಳೆಯ ವಿದ್ಯುತ್ ತಂತಿಯನ್ನು ಬದಲಿಸಿ. ಅಟ್ಟವನ್ನು ಖಾಲಿ ಮಾಡಿಸಿ. ಈ ನಾಲ್ಕು ಕೆಲಸ ಯಾವ ಬಣ್ಣಕ್ಕಿಂತಲೂ ಹೆಚ್ಚು ಕಾಯುತ್ತವೆ.

ಗಟ್ಟಿಯಾಗಿರುವ ಹಳೆಯ ತೊಲೆ ಕಂಬಗಳನ್ನು ಕದಲಿಸಬೇಡಿ. ಗೋಡೆಯೊಳಗೆ ಹೋಗುವ ತೊಲೆಯ ತುದಿ ಮತ್ತು ಕಲ್ಲಿನ ಮೇಲೆ ಕೂರುವ ಕಂಬದ ಬುಡ ಇವೆರಡೇ ಅಲ್ಲಿ ಸೂಕ್ಷ್ಮ ಜಾಗ. ಅಲ್ಲಿ ಓರೆಯಾಗಿ ಸಣ್ಣ ತೂತು ಕೊರೆದು ಬೋರಾನ್ ದ್ರಾವಣವನ್ನು ಕೆಲವು ದಿನ ಮತ್ತೆ ಮತ್ತೆ ತುಂಬಿ, ಮರದ ಬೆಣೆ ಬಡಿದು ಮುಚ್ಚಿ. ಮಣ್ಣಿನ ನಾಳ ಕಂಡಿದ್ದರೆ ಮರಕ್ಕೆ ಮದ್ದು ಹಾಕಿದಷ್ಟಕ್ಕೆ ಮುಗಿಯುವುದಿಲ್ಲ. ಐಎಸ್ 6313 ಹೇಳುವಂತೆ ಪಾಯದ ಸುತ್ತಲ ಮಣ್ಣಿಗೇ ಗೆದ್ದಲು ನಿರೋಧಕ ಹಾಕಿಸಬೇಕು. ಬಾವಿ ಹತ್ತಿರವಿದ್ದರೆ ಮಾತ್ರ ಈ ಕೆಲಸವನ್ನು ತಿಳಿದವರ ಕೈಯಲ್ಲೇ, ಬಾವಿಯಿಂದ ದೂರ ಬಿಟ್ಟು ಮಾಡಿಸಿ.

ಕೊನೆಯದಾಗಿ ಉಳಿಕೆಯ ವಿಷಯ. ಬೋರಾನ್ ದ್ರಾವಣ ಕಲಸುವಾಗ ಕೈಗವಸು, ಮೂಗುಪಟ್ಟಿ ಇರಲಿ. ಗುಂಡಿಯನ್ನು ಮಕ್ಕಳು, ದನಕರು ಸುಳಿಯದಂತೆ ಮುಚ್ಚಿ. ಗರ್ಭಿಣಿಯರು ಈ ಕೆಲಸದಿಂದ ದೂರವಿರಲಿ. ಬೋರಾನ್ ಗಿಡಗಳಿಗೆ ಚಿಟಿಕೆಯಷ್ಟಿದ್ದರೆ ಪೋಷಕ, ಹೆಚ್ಚಾದರೆ ವಿಷ. ಆದ್ದರಿಂದ ಉಳಿದ ದ್ರಾವಣವನ್ನು ಅಡಿಕೆ ಬುಡಕ್ಕೆ ಸುರಿಯದೆ, ಇನ್ನೊಂದಷ್ಟು ಮರವನ್ನು ಅದ್ದಿ ಮುಗಿಸಿಬಿಡಿ. ಸಿಸಿಬಿ ಅಥವಾ ಸಿಸಿಎ ಸಂಸ್ಕರಿಸಿದ ಕಂಬಗಳ ತುಂಡು, ಹೊಟ್ಟುಗಳನ್ನು ಬಚ್ಚಲ ಒಲೆಗೆ ಹಾಕಲೇಬಾರದು. ಉರಿಸಿದಾಗ ಸಿಸಿಎಯಲ್ಲಿರುವ ಆರ್ಸೆನಿಕ್ ಹೊಗೆಯಲ್ಲಿ ಬರುತ್ತದೆ, ಎರಡರಲ್ಲೂ ಇರುವ ಕ್ರೋಮಿಯಂ ಬೂದಿಯಲ್ಲಿ ಉಳಿಯುತ್ತದೆ. ನಿಮ್ಮ ಕಡೆ ಒಲೆಯ ಬೂದಿಯನ್ನು ಪಾತ್ರೆ ತಿಕ್ಕಲು, ತೋಟಕ್ಕೆ ಹಾಕಲು ಎತ್ತಿಡುವ ರೂಢಿ ಇರುವುದರಿಂದ, ಕೆಲಸದವರಿಗೆಲ್ಲ ಈ ಒಂದು ಮಾತನ್ನು ಮೊದಲ ದಿನವೇ ಹೇಳಿ, ಆ ತುಂಡುಗಳನ್ನು ಬೇರೆ ಚೀಲದಲ್ಲಿ ಕಟ್ಟಿಡಿಸಿ.